ಒಂದೇ ಮನೆಯ ಇಬ್ಬರು ಕಲಿಯುವವರು



ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಒಂದು ಸಂದೇಹವನ್ನು ಹೊತ್ತು ಬರುತ್ತವೆ. ಕಳೆದ ತಿಂಗಳು ಕೈಸೇರಿದ ಒಂದು ಪತ್ರ ಮಾತ್ರ ಒಂದೇ ಹಾಳೆಯಲ್ಲಿ ಎರಡು ಸಂಕಟಗಳನ್ನು ತಂದಿತು. ಬರೆದವರು ಒಬ್ಬ ಗೃಹಿಣಿ. ಅವರ ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಅವನ ಶಾಲೆಗೆ ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಬಂದು ಕೆಲವು ವಾರಗಳಾಗಿವೆ. "ನಮ್ಮ ಗುರುಗಳು ಈಗ ತರಗತಿಗೆ ಬರುವುದೇ ಇಲ್ಲ, ಟ್ರೇನಿಂಗಿನವರು ದಿನಕ್ಕೊಬ್ಬರು ಬಂದು ಚಾರ್ಟು ತೋರಿಸಿ ಹೋಗುತ್ತಾರೆ, ವ್ಯಾಕರಣ ಅರ್ಧಕ್ಕೇ ನಿಂತಿದೆ" ಎಂದು ಹುಡುಗ ಹೇಳುತ್ತಾನಂತೆ. ಅದೇ ತಾಯಿಯ ಹಿರಿಯ ಮಗಳು ಬೇರೊಂದು ಊರಿನಲ್ಲಿ ಬಿ.ಎಡ್. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಅವಳೂ ಒಂದು ಪ್ರೌಢಶಾಲೆಗೆ ಪಾಠ ಹೇಳಲು ಹೋಗುತ್ತಿದ್ದಾಳೆ. ರಾತ್ರಿ ಹನ್ನೊಂದರವರೆಗೆ ಕುಳಿತು ಪಾಠಯೋಜನೆ ಬರೆಯುತ್ತಾಳೆ. "ನನ್ನ ಪಾಠವನ್ನು ಈವರೆಗೆ ಯಾರೂ ಕುಳಿತು ಕೇಳಲಿಲ್ಲ ಅಮ್ಮಾ, ದಾಖಲೆ ಪುಸ್ತಕಕ್ಕೆ ಮಾತ್ರ ಸಹಿ ಬಿದ್ದಿತು" ಎಂದು ಫೋನಿನಲ್ಲಿ ಅತ್ತಳಂತೆ.

ಪತ್ರದ ಕೊನೆಯಲ್ಲಿ ಆ ತಾಯಿ ಕೇಳಿದ್ದಾರೆ: "ಗುರುಗಳೇ, ಮಗನ ಪರವಾಗಿ ಶಾಲೆಗೆ ಹೋಗಿ ದೂರು ಹೇಳೋಣವೆಂದರೆ, ಅಲ್ಲಿ ಇನ್ನೊಬ್ಬ ತಾಯಿ ನನ್ನ ಮಗಳ ಮೇಲೆ ಇದೇ ದೂರನ್ನು ಹೇಳುತ್ತಿರಬಹುದಲ್ಲವೇ? ನಾನು ಯಾರ ಪಕ್ಷ ವಹಿಸಲಿ?"

ಈ ಪ್ರಶ್ನೆ ನನ್ನನ್ನು ಹಲವು ದಿನ ಕಾಡಿತು. ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸಿ ನಿವೃತ್ತನಾದವನು ನಾನು. ಒಂದು ಕಾಲದಲ್ಲಿ ಆ ಮಗಳ ಸ್ಥಾನದಲ್ಲಿದ್ದೆ. ಆಮೇಲೆ ಬಹುಕಾಲ, ತನ್ನ ತರಗತಿಯನ್ನು ಪ್ರಶಿಕ್ಷಣಾರ್ಥಿಗಳಿಗೆ ಒಪ್ಪಿಸಿ ಹೊರನಡೆಯುವ ಆ 'ನಮ್ಮ ಗುರುಗಳ' ಸ್ಥಾನದಲ್ಲೂ ಇದ್ದೆ. ಆದ್ದರಿಂದ ಉತ್ತರ ಹೇಳುವ ಮೊದಲು ನನ್ನ ಪಾಲಿನ ತಪ್ಪನ್ನೂ ಹೇಳಬೇಕಾಗುತ್ತದೆ.

ಮೊದಲಿಗೆ ಈ ವ್ಯವಸ್ಥೆ ಏನೆಂಬುದನ್ನು ತಿಳಿಯೋಣ. ವೈದ್ಯನಾಗುವವನು ಆಸ್ಪತ್ರೆಯಲ್ಲಿ ರೋಗಿಯ ಮಗ್ಗುಲಲ್ಲಿ ನಿಂತು ಕಲಿಯುವಂತೆ, ಶಿಕ್ಷಕನಾಗುವವನು ಮಕ್ಕಳಿರುವ ತರಗತಿಯಲ್ಲಿಯೇ ಕಲಿಯಬೇಕು. ಇದನ್ನು ನಮ್ಮ ಕಾಲದಲ್ಲಿ ಅಭ್ಯಾಸ ಬೋಧನೆ ಎನ್ನುತ್ತಿದ್ದರು. ಇಂದು ಶಾಲಾ ಇಂಟರ್ನ್‌ಶಿಪ್ ಎನ್ನುತ್ತಾರೆ. ನಾನು ಓದಿದಾಗ ಬಿ.ಎಡ್. ಒಂದು ವರ್ಷದ ವ್ಯಾಸಂಗ. ಎರಡು ವಿಷಯಗಳಲ್ಲಿ ತಲಾ 20ರಂತೆ 40 ಪಾಠಗಳನ್ನು ಹೇಳಿದರೆ ನಮ್ಮ ಕಾಲೇಜಿನ ಲೆಕ್ಕ ಮುಗಿಯುತ್ತಿತ್ತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಅಧ್ಯಕ್ಷತೆಯ ಆಯೋಗವು 2012ರಲ್ಲಿ ಶಿಕ್ಷಕರ ಶಿಕ್ಷಣವನ್ನು ಕುರಿತು ವರದಿ ನೀಡಿತು. ಆ ಬಳಿಕ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಹೊಸ ನಿಯಮಾವಳಿಯನ್ನು ಹೊರಡಿಸಿತು. 2015ರಿಂದ ಬಿ.ಎಡ್. ಎರಡು ವರ್ಷಗಳದ್ದಾಯಿತು. ಅದರಲ್ಲಿ ಶಾಲೆಯೊಡನಾಟಕ್ಕೆಂದೇ ಕನಿಷ್ಠ 20 ವಾರಗಳನ್ನು ಮೀಸಲಿಟ್ಟರು: ಮೊದಲ ವರ್ಷ 4, ಎರಡನೆಯ ವರ್ಷ 16. ಉಳಿದ ವ್ಯಾಸಂಗಕ್ಕೆ ಶೇಕಡಾ 80ರ ಹಾಜರಾತಿ ಸಾಕು. ಶಾಲೆಯಲ್ಲಿನ ದಿನಗಳಿಗೆ ಮಾತ್ರ ಶೇಕಡಾ 90 ಬೇಕೆಂದರು. ಪಾಠ ಹೇಳಲು ತೊಡಗುವ ಮೊದಲು ಒಂದು ವಾರ ಆ ಶಾಲೆಯ ಶಿಕ್ಷಕರ ತರಗತಿಯಲ್ಲಿ ಕುಳಿತು ನೋಡಬೇಕು. ಆಮೇಲೆ ಪ್ರಶಿಕ್ಷಣಾರ್ಥಿಯ ಪಾಠವನ್ನು ಸಹಪಾಠಿಗಳು, ಶಾಲೆಯ ಶಿಕ್ಷಕರು, ಕಾಲೇಜಿನ ಅಧ್ಯಾಪಕರು ಈ ಮೂವರೂ ವೀಕ್ಷಿಸಬೇಕು ಎಂಬುದು ಅದರ ಆಶಯ.

ನಿಯಮ ಚೆನ್ನಾಗಿದೆ. 40 ಪಾಠಗಳ ಎಣಿಕೆಯಿಂದ 20 ವಾರಗಳ ವಾಸಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಹೀಗಿದ್ದೂ ಮಗ ಏಕೆ ದೂರುತ್ತಾನೆ, ಮಗಳು ಏಕೆ ಅಳುತ್ತಾಳೆ?

ಇದಕ್ಕೆ ಉತ್ತರ ನನಗೆ ದೊರೆತದ್ದು ಯಾವ ವರದಿಯಲ್ಲೂ ಅಲ್ಲ, ಒಂದು ರಾಶಿ ನೋಟುಪುಸ್ತಕಗಳಲ್ಲಿ.

ನಿವೃತ್ತಿಗೆ ಕೆಲವು ವರ್ಷ ಮೊದಲು ನಮ್ಮ ಶಾಲೆಗೆ ಬಂದ ಪ್ರಶಿಕ್ಷಣಾರ್ಥಿಗಳಲ್ಲಿ ಒಬ್ಬ ಹೆಣ್ಣುಮಗಳಿಗೆ ಎಂಟನೆಯ ತರಗತಿಯ ಕನ್ನಡವನ್ನು ಒಪ್ಪಿಸಿದ್ದೆ. ಪಾಠದ ವಿಷಯ ಲೋಪಸಂಧಿ. ಆಕೆ ಬಹಳ ಶ್ರದ್ಧೆಯವಳು. ಪಾಠಯೋಜನೆಯಲ್ಲಿ ಉದ್ದೇಶಗಳು, ಪೀಠಿಕೆಯ ಪ್ರಶ್ನೆಗಳು, ಕರಿಹಲಗೆಯ ಕೆಲಸ, ಮೌಲ್ಯಮಾಪನ, ಮನೆಗೆಲಸ ಎಲ್ಲವೂ ಕ್ರಮವಾಗಿದ್ದವು. ಬಣ್ಣದ ಚಾರ್ಟಿನಲ್ಲಿ ದಪ್ಪ ಅಕ್ಷರಗಳಲ್ಲಿ ಸೂತ್ರ ಬರೆದು ತಂದಿದ್ದಳು: ಸ್ವರಕ್ಕೆ ಸ್ವರ ಪರವಾದಾಗ ಹಿಂದಿನ ಸ್ವರ ಲೋಪವಾಗುವುದು. ಕೆಳಗೆ ಉದಾಹರಣೆಗಳು: ಊರು ಮತ್ತು ಅಲ್ಲಿ ಸೇರಿ ಊರಲ್ಲಿ, ಮಾತು ಮತ್ತು ಅನ್ನು ಸೇರಿ ಮಾತನ್ನು, ಹಾಲು ಮತ್ತು ಅನ್ನು ಸೇರಿ ಹಾಲನ್ನು. ಮಕ್ಕಳು ಒಕ್ಕೊರಲಿನಿಂದ ಉತ್ತರಿಸಿದರು. ಕಾಲೇಜಿನಿಂದ ಬಂದಿದ್ದ ಅಧ್ಯಾಪಕರು ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕುಳಿತು, ಚಾರ್ಟಿನ ಅಕ್ಷರಗಳನ್ನು ಮೆಚ್ಚಿ, 'ಉತ್ತಮ' ಎಂದು ಬರೆದು ಇನ್ನೊಂದು ಕೊಠಡಿಗೆ ಹೊರಟರು. ಘಂಟೆ ಬಾರಿಸಿತು. ಅವಳ ಮುಖದಲ್ಲಿ ಸಂತೋಷ, ನನಗೂ ಸಮಾಧಾನ.

ಮರುದಿನ ಮನೆಗೆಲಸದ ಪುಸ್ತಕಗಳನ್ನು ಅವಳ ಮುಂದಿಟ್ಟು, "ತಾಯಿ, ಇವನ್ನು ನೀನೇ ತಿದ್ದಬೇಕು" ಎಂದೆ. ಸ್ವಲ್ಪ ಹೊತ್ತಿನ ಬಳಿಕ ಅವಳು ಬಿಳಿಚಿದ ಮುಖದಿಂದ ಬಂದಳು. ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಗುರು ಮತ್ತು ಅನ್ನು ಸೇರಿಸಿ 'ಗುರನ್ನು' ಎಂದು ಬರೆದಿದ್ದರು. ಕರು ಎಂಬುದು 'ಕರನ್ನು' ಆಗಿತ್ತು. ಮಗು ಎಂಬುದು 'ಮಗನ್ನು' ಆಗಿ, ಹಸುಳೆಯೋ ಗಂಡುಮಗನೋ ತಿಳಿಯದಂತಾಗಿತ್ತು.

ವಿಚಿತ್ರವೆಂದರೆ ಅದೇ ಮಕ್ಕಳು ಮಾತನಾಡುವಾಗ ಎಂದೂ 'ಕರನ್ನು ಕಟ್ಟು' ಎನ್ನುವವರಲ್ಲ. ನಾಲಗೆಗೆ ತಿಳಿದಿದ್ದದ್ದನ್ನು ಸೂತ್ರವು ಮರೆಸಿಬಿಟ್ಟಿತ್ತು. ಅವಳು ಒಬ್ಬ ಹುಡುಗನನ್ನು ಕರೆದು, "ಹೀಗೇಕೆ ಬರೆದೆ?" ಎಂದು ಕೇಳಿದಳು. ಅವನು ಅಂಜದೆ, "ನೀವೇ ಹೇಳಿದಿರಲ್ಲ ಟೀಚರ್, ಹಿಂದಿನ ಸ್ವರ ಹೋಗುತ್ತದೆ ಅಂತ" ಎಂದ. ಹುಡುಗನ ಮಾತು ನಿಜವಾಗಿತ್ತು. ಅರ್ಥ ಕೆಡದಂತಿದ್ದರೆ ಮಾತ್ರ ಸ್ವರ ಲೋಪವಾಗುವುದು ಎಂಬುದು ಆ ಸೂತ್ರದ ಜೀವ. ಅಕ್ಷರಗಳು ದಪ್ಪವಾದ್ದರಿಂದ ಆ ಒಂದು ಮಾತಿಗೆ ಚಾರ್ಟಿನಲ್ಲಿ ಸ್ಥಳ ಸಾಲದೆ ಅವಳು ಬಿಟ್ಟಿದ್ದಳು! ಪಾಠಯೋಜನೆಯಲ್ಲಿ ಅದು ಇತ್ತು. ಮಕ್ಕಳ ಕಣ್ಣಮುಂದೆ ಇರಲಿಲ್ಲ. ಅಧ್ಯಾಪಕರು ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆನೇ? ಇಲ್ಲ. ಆ ಘಂಟೆಯಲ್ಲಿ ನಾನು ಸಿಬ್ಬಂದಿ ಕೊಠಡಿಯಲ್ಲಿ ಕುಳಿತು ಹಾಜರಾತಿಯ ಲೆಕ್ಕ ಬರೆಯುತ್ತಿದ್ದೆ. ತರಗತಿಯ ಹೊಣೆಯನ್ನು ಒಪ್ಪಿಸಿದೆನೆಂಬ ನೆಪದಲ್ಲಿ ಅದನ್ನು ಕೈಬಿಟ್ಟಿದ್ದೆ. ಹಲವು ವರ್ಷ ಹೀಗೆಯೇ ಮಾಡಿದ್ದೆ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಮೂರನೆಯ ದಿನ ಅವಳು ಚಾರ್ಟಿಲ್ಲದೆ ತರಗತಿಗೆ ಹೋದಳು. ನಾನೂ ಹೋಗಿ ಹಿಂದೆ ಕುಳಿತೆ. ಕರಿಹಲಗೆಯ ಒಂದು ಪಕ್ಕದಲ್ಲಿ ಊರು, ಮಾತು, ಹಾಲು. ಇನ್ನೊಂದು ಪಕ್ಕದಲ್ಲಿ ಗುರು, ಕರು, ಮಗು. "ನಿಮ್ಮ ಮನೆಯಲ್ಲಿ ಹೇಗೆ ಅನ್ನುತ್ತೀರಿ? ಹಾಗೆಯೇ ಹೇಳಿ" ಎಂದಳು. ಮಕ್ಕಳೇ ಗುರುವನ್ನು, ಕರುವನ್ನು, ಮಗುವನ್ನು ಎಂದು ಹೇಳಿದರು. ಲೋಪಸಂಧಿಯ ಗಡಿಯಲ್ಲಿ ವಕಾರಾಗಮಸಂಧಿ ತಾನಾಗಿ ಎದ್ದು ನಿಂತಿತು. ಆಗ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು, "ಟೀಚರ್, ಅದು ಎಂಬುದಕ್ಕೆ ಅದುವನ್ನು ಅನ್ನುವುದಿಲ್ಲ, ಅದನ್ನು ಅನ್ನುತ್ತೇವೆ. ಅದೂ ಗುರು ಇದ್ದ ಹಾಗೇ ಇದೆಯಲ್ಲ?" ಎಂದಳು. ಪ್ರಶಿಕ್ಷಣಾರ್ಥಿ ಒಂದು ಕ್ಷಣ ಸುಮ್ಮನೆ ನಿಂತಳು. ಬಳಿಕ, "ನನಗೆ ಈಗ ಗೊತ್ತಿಲ್ಲ. ನೋಡಿಕೊಂಡು ನಾಳೆ ಹೇಳುತ್ತೇನೆ" ಎಂದಳು.

ಅಂದು ಆಕೆ ಶಿಕ್ಷಕಿಯಾದಳು ಎಂದು ನಾನು ಭಾವಿಸುತ್ತೇನೆ. ಸಂಜೆ ನಾವಿಬ್ಬರೂ ವ್ಯಾಕರಣ ಗ್ರಂಥಗಳನ್ನು ಹರಡಿಕೊಂಡು ಕುಳಿತೆವು. ಅಕ್ಷರಗಳ ಎಣಿಕೆ ಒಂದೇ ಆದರೂ ಗುರು ಎಂಬುದು ನಾಮಪದ, ಅದು ಎಂಬುದು ಸರ್ವನಾಮ; ಉಕಾರ ಹೋದರೆ ಗುರು ಕೆಡುತ್ತದೆ, ಅದು ಕೆಡುವುದಿಲ್ಲ; ನುಡಿಯುವವರ ಬಳಕೆಯೇ ಇಲ್ಲಿ ಪ್ರಮಾಣ, ಸೂತ್ರವು ಅದರ ಹಿಂದೆ ನಡೆಯುವಂಥದು ಎಂಬ ನಿರ್ಣಯಕ್ಕೆ ಬಂದೆವು. ಮರುದಿನ ಅವಳು ಅದನ್ನು ಆ ಹುಡುಗಿಗೆ ಹೇಳಿದಳು. ದಾಖಲೆ ಪುಸ್ತಕದಲ್ಲಿ ಇದಕ್ಕೆ ಅಂಕಣವಿಲ್ಲದ್ದರಿಂದ ಅಂಕವೂ ಬರಲಿಲ್ಲ.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಾನು ಕಂಡದ್ದು ಆ ಸಂಜೆ ನೆನಪಾಯಿತು. ಅಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಶಬ್ದರೂಪಗಳನ್ನೂ ಅಮರಕೋಶವನ್ನೂ ಹೇಳಿಕೊಡುತ್ತಿದ್ದರು. ನಮ್ಮ ಶಾಸ್ತ್ರಿಗಳು ಕಂಬದ ಮರೆಯಲ್ಲಿ ಕಣ್ಣುಮುಚ್ಚಿ ಕುಳಿತಿರುತ್ತಿದ್ದರು. ಪಾಠ ಮುಗಿದ ಮೇಲೆ ಅವರು ಕಲಿಸಿದ ಹುಡುಗನನ್ನು ಒಂದು ಮಾತೂ ಕೇಳುತ್ತಿರಲಿಲ್ಲ. ಕಲಿತ ಚಿಕ್ಕವನನ್ನು ಕರೆದು ಒಪ್ಪಿಸಲು ಹೇಳುತ್ತಿದ್ದರು. ಚಿಕ್ಕವನು ತಡವರಿಸಿದರೆ ದೊಡ್ಡವನು ತಲೆ ತಗ್ಗಿಸುತ್ತಿದ್ದ. ಕಲಿಸಿದವನ ಪರೀಕ್ಷೆ ಕಲಿತವನ ಬಾಯಲ್ಲಿ ನಡೆಯುತ್ತಿತ್ತು. ಆ ಪದ್ಧತಿಯಲ್ಲಿ ದೋಷಗಳಿರಲಿಲ್ಲವೆಂದು ಹೇಳುವುದಿಲ್ಲ. ಬಾಯಿಪಾಠವೇ ವಿದ್ಯೆಯೆಂಬ ಭ್ರಮೆ ಅಲ್ಲಿಯೂ ಇತ್ತು. ಆದರೆ ಈ ಒಂದು ವಿವೇಕವನ್ನು ನಾವು ಇಂದಿನ ತರಬೇತಿಗೆ ತರಬೇಕಾಗಿದೆ. ಇಂದು ಪ್ರಶಿಕ್ಷಣಾರ್ಥಿಯ ಧ್ವನಿ, ನಿಲುವು, ಕರಿಹಲಗೆಯ ಬರಹ, ಪ್ರಶ್ನೆ ಕೇಳುವ ರೀತಿ ಇವೆಲ್ಲಕ್ಕೂ ಅಂಕಗಳಿವೆ. ಮುಂದೆ ಕುಳಿತ ಮಗುವಿಗೆ ಏನು ತಲುಪಿತು ಎಂಬುದನ್ನು ನೋಡುವವರು ವಿರಳ.

ಕೌಶಲಗಳ ಅಭ್ಯಾಸ ಬೇಡವೆಂದು ಇದರ ಅರ್ಥವಲ್ಲ. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಅಣುಬೋಧನೆ ಎಂಬ ಕ್ರಮ ಆರಂಭವಾಯಿತು. ನಮ್ಮ ದೇಶದಲ್ಲಿ ರೂಢಿಗೆ ಬಂದ ಅದರ ಸ್ವರೂಪ ಹೀಗಿದೆ: 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಪಾಠ, 6 ನಿಮಿಷ ಮರುವಿಮರ್ಶೆ, ಒಟ್ಟು 36 ನಿಮಿಷ. ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು ಇಂಥ ಒಂದೊಂದೇ ಕೌಶಲವನ್ನು ಸಹಪಾಠಿಗಳ ಮುಂದೆಯೇ ತಿದ್ದಿಕೊಳ್ಳುವುದಕ್ಕೆ ಇದು ಒಳ್ಳೆಯ ಸಾಧನ. ಆದರೆ ಅಲ್ಲಿ ವಿದ್ಯಾರ್ಥಿಯ ವೇಷದಲ್ಲಿ ಕುಳಿತವರು ಪದವೀಧರರು. ಅವರು 'ಗುರನ್ನು' ಎಂದು ಬರೆಯುವುದಿಲ್ಲ. ತಪ್ಪು ತಿಳಿಯುವ ಮಗು ಅಲ್ಲಿಲ್ಲದ್ದರಿಂದಲೇ ಪ್ರಶಿಕ್ಷಣಾರ್ಥಿಯು ನಿಜವಾದ ಶಾಲೆಗೆ ಹೋಗಬೇಕಾಗುತ್ತದೆ. ಅಲ್ಲಿಗೆ ಹೋಗಿಯೂ ಮಗುವಿನ ತಪ್ಪನ್ನು ನೋಡದೆ ಮರಳಿದರೆ ಹೋದದ್ದು ವ್ಯರ್ಥ.

ಹಾಗಾದರೆ ಎಡವಿದವರು ಯಾರು? ಶಾಲೆ ಮತ್ತು ತರಬೇತಿ ಕಾಲೇಜು ಇವೆರಡೂ ಒಂದನ್ನೊಂದು ಅರಿಯದೆ ಬೇರೆಬೇರೆಯಾಗಿ ಉಳಿದಿವೆ ಎಂದು ಕೊಠಾರಿ ಆಯೋಗವು 1966ರ ತನ್ನ ವರದಿಯಲ್ಲಿಯೇ ಹೇಳಿತ್ತು. ಈ ಕೊರತೆಗೆ ಉತ್ತರವೆಂಬಂತೆ ಒಂದು ಪ್ರಯೋಗ ನಮ್ಮ ನಾಡಿನಲ್ಲಿಯೇ ಅದಕ್ಕೂ ಮೊದಲು ನಡೆದಿತ್ತು. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ವಿಷಯಜ್ಞಾನವನ್ನೂ ಬೋಧನೆಯನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷಗಳ ವ್ಯಾಸಂಗವನ್ನು ನಡೆಸಿತು. ಅದರ ಆವರಣದಲ್ಲಿಯೇ ಒಂದು ಪ್ರಾತ್ಯಕ್ಷಿಕ ಶಾಲೆಯಿದೆ. ಇಂದು ಆ ಕಾಲೇಜಿನ ಹೆಸರು ಪ್ರಾದೇಶಿಕ ಶಿಕ್ಷಣ ಸಂಸ್ಥೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ನಾಲ್ಕು ವರ್ಷಗಳ ಸಮಗ್ರ ಬಿ.ಎಡ್. ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದು ಹೇಳಿದಾಗ, ಆ ಹಳೆಯ ದಾರಿಗೇ ಮರಳಿದಂತಾಯಿತು.

ಆದರೆ ಎಲ್ಲ ಕಾಲೇಜುಗಳಿಗೂ ತಮ್ಮದೇ ಶಾಲೆ ಇರುವುದಿಲ್ಲ. ಅವು ಊರಿನ ಶಾಲೆಗಳ ಬಾಗಿಲಿಗೆ ಹೋಗಿ ಅನುಮತಿ ಕೇಳಬೇಕು. ಹತ್ತನೆಯ ತರಗತಿಯ ಫಲಿತಾಂಶದ ಭಯವಿರುವ ಮುಖ್ಯೋಪಾಧ್ಯಾಯರು ಆ ತರಗತಿಯನ್ನು ಕೊಡಲು ಹಿಂಜರಿಯುತ್ತಾರೆ. ಎಂಟು, ಒಂಬತ್ತನೆಯ ತರಗತಿಗಳನ್ನು ಕೊಡುತ್ತಾರೆ. ವಿಷಯ ಶಿಕ್ಷಕರು, ನನ್ನಂತೆ, ಇದನ್ನು ವಿರಾಮವೆಂದು ಬಗೆಯುತ್ತಾರೆ. ಕಾಲೇಜಿನ ಒಬ್ಬ ಅಧ್ಯಾಪಕರು ಒಂದೇ ದಿನ ಹಲವು ಕೊಠಡಿಗಳಲ್ಲಿ ಹಲವು ಪಾಠಗಳನ್ನು ನೋಡಬೇಕಾಗಿ, ಯಾವುದನ್ನೂ ಪೂರ್ತಿ ನೋಡಲಾರರು. ಪ್ರಶಿಕ್ಷಣಾರ್ಥಿಗಳಲ್ಲಿ ಕೆಲವರು ಅಂಗಡಿಯಲ್ಲಿ ಸಿಗುವ ಸಿದ್ಧ ಪಾಠಯೋಜನೆಗಳನ್ನು ನಕಲು ಮಾಡುತ್ತಾರೆ. ಹಿಂದಿನ ವರ್ಷದವರ ಚಾರ್ಟುಗಳು ಕೈಯಿಂದ ಕೈಗೆ ದಾಟುತ್ತವೆ. ಶಾಲೆಗೆ ಹೋಗದೆಯೇ ಹಾಜರಾತಿ ಪಡೆಯುವವರೂ ಉಂಟೆಂದು ಕೇಳುತ್ತೇವೆ. ಹೀಗೆ ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಕೈಬಿಟ್ಟಾಗ ಪೂರ್ತಿ ನಷ್ಟವನ್ನು ಹೊರುವವನು ಬೆಂಚಿನ ಮೇಲೆ ಕುಳಿತ ಹುಡುಗ. ಅವನಿಗೆ ಎಂಟನೆಯ ತರಗತಿ ಮತ್ತೊಮ್ಮೆ ಬರುವುದಿಲ್ಲ. ಅವನು ಯಾರ ಅಭ್ಯಾಸದ ಹಲಗೆಯೂ ಅಲ್ಲ.

ಈಗ ಪತ್ರ ಬರೆದ ತಾಯಿಗೆ ಉತ್ತರ.

ತಾಯಿ, ನೀವು ಮಗನ ಪಕ್ಷವನ್ನೇ ವಹಿಸಿರಿ. ಹಾಗೆ ಮಾಡಿದರೆ ಮಗಳಿಗೂ ಒಳಿತಾಗುತ್ತದೆ. ಶಾಲೆಗೆ ಹೋಗಿರಿ, ಆದರೆ ಟ್ರೇನಿಂಗಿನವರನ್ನು ಕಳುಹಿಸಿಬಿಡಿ ಎಂದು ಹೇಳಬೇಡಿರಿ. ಇಂದು ಅವರಿಗೆ ಬಾಗಿಲು ಮುಚ್ಚಿದರೆ ನಾಳೆ ನಿಮ್ಮ ಮೊಮ್ಮಕ್ಕಳ ಮುಂದೆ ನಿಲ್ಲುವವರು ತರಗತಿಯನ್ನೇ ಕಾಣದೆ ಬಂದವರಾಗುತ್ತಾರೆ. ಮುಖ್ಯೋಪಾಧ್ಯಾಯರಲ್ಲಿ ವಿನಯದಿಂದ ಮೂರು ಮಾತು ಕೇಳಿರಿ. ಒಂದು, ದಿನಕ್ಕೊಬ್ಬರ ಬದಲು ಒಂದು ವಿಷಯಕ್ಕೆ ಒಬ್ಬರೇ ಪ್ರಶಿಕ್ಷಣಾರ್ಥಿ ಕೆಲವು ವಾರ ಬಿಡದೆ ನಿಲ್ಲುವಂತೆ ಮಾಡಬಹುದೇ? ಎರಡು, ಮಕ್ಕಳ ಬರಹವನ್ನು ಪಾಠ ಹೇಳಿದವರೇ ತಿದ್ದಿ, ಮರುದಿನ ಅದನ್ನೇ ಮುಂದಿಟ್ಟುಕೊಂಡು ಮಾತನಾಡಬಹುದೇ? ಮೂರು, ವಿಷಯ ಶಿಕ್ಷಕರು ಆ ಘಂಟೆಗಳಲ್ಲಿ ತರಗತಿಯೊಳಗೇ ಕುಳಿತು, ತಪ್ಪಿದ್ದನ್ನು ಅದೇ ವಾರ ಸರಿಪಡಿಸಬಹುದೇ? ಇವಕ್ಕೆ ಹಣ ಬೇಡ, ಹೊಸ ಆದೇಶ ಬೇಡ. ಬಹುಮಟ್ಟಿಗೆ ಇವೆಲ್ಲವೂ ಈಗಿನ ನಿಯಮದ ಆಶಯದೊಳಗೇ ಇವೆ.

ಮಗನಿಗೂ ಒಂದು ಮಾತು ಹೇಳಿರಿ. ಹೊಸ ಶಿಕ್ಷಕಿ ತಡವರಿಸಿದಾಗ ನಗುವುದು ಹುಡುಗರ ಸ್ವಭಾವ. ನಗುವ ಬದಲು, ತಿಳಿಯದಿದ್ದರೆ ಕೈಯೆತ್ತಿ 'ತಿಳಿಯಲಿಲ್ಲ' ಎಂದು ಹೇಳಲಿ. ಕಿಟಕಿಯ ಪಕ್ಕದ ಆ ಹುಡುಗಿ ಕೇಳಿದ ಒಂದು ಪ್ರಶ್ನೆ ನನ್ನ ಪ್ರಶಿಕ್ಷಣಾರ್ಥಿಗೆ ಅನೇಕ ವಿಮರ್ಶಾ ಪಾಠಗಳಷ್ಟು ಕಲಿಸಿತು. ಅಕ್ಕನ ತರಗತಿಯಲ್ಲಿಯೂ ಅಂಥ ಒಬ್ಬ ವಿದ್ಯಾರ್ಥಿ ಇರಲಿ ಎಂದು ಅವನು ಬಯಸುವುದಿಲ್ಲವೇ?

ಇನ್ನು ಮಗಳಿಗೆ. ಯಾರೂ ಕುಳಿತು ಕೇಳಲಿಲ್ಲವೆಂದು ಅವಳು ಅಳುವುದು ಒಳ್ಳೆಯ ಲಕ್ಷಣ. ಅಷ್ಟಾದರೂ ಕಾಳಜಿ ಉಳಿದಿದೆ. ಆದರೆ ಅವಳ ಪಾಠವನ್ನು ಕೇಳಿದವರು ಅಲ್ಲಿ ಇದ್ದೇ ಇದ್ದರು. ಒಂದು ತರಗತಿಯ ತುಂಬ ಮಕ್ಕಳು! ಪ್ರತಿ ಪಾಠದ ಕೊನೆಯಲ್ಲಿ ಐದು ನಿಮಿಷ ಉಳಿಸಿಕೊಂಡು, ಎರಡು ವಾಕ್ಯ ಬರೆಸಿ, ಆ ಹಾಳೆಗಳನ್ನು ಮನೆಗೆ ತರಲಿ. ರಾತ್ರಿ ಹನ್ನೊಂದರವರೆಗೆ ಅಲಂಕರಿಸುವ ಯೋಜನೆಯಲ್ಲಿ ಒಂದು ಗಂಟೆಯನ್ನು ಕಡಿಮೆ ಮಾಡಿ ಆ ಹಾಳೆಗಳನ್ನು ಓದಲಿ. ತಾನು ಹೇಳಿದ್ದೇನು, ಅವರು ಹಿಡಿದದ್ದೇನು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಆ ಶಾಲೆಯ ಹಿರಿಯ ಶಿಕ್ಷಕರಲ್ಲಿ ಒಬ್ಬರ ಬಳಿ ಹೋಗಿ, "ಗುರುಗಳೇ, ನಾಳೆಯ ನನ್ನ ಪಾಠಕ್ಕೆ ಹತ್ತು ನಿಮಿಷ ಬಂದು ಕುಳಿತುಕೊಳ್ಳುವಿರಾ?" ಎಂದು ತಾನೇ ಕೇಳಲಿ. ಕೇಳಿದರೆ ಇಲ್ಲವೆನ್ನುವವರು ಕಡಿಮೆ. ನನ್ನನ್ನು ಅಷ್ಟು ವರ್ಷಗಳಲ್ಲಿ ಯಾರೂ ಹಾಗೆ ಕೇಳಲಿಲ್ಲ. ಯಾರಾದರೂ ಕೇಳಿದ್ದರೆ ನಾನು ಹಾಜರಾತಿಯ ಪುಸ್ತಕವನ್ನು ಬದಿಗಿಟ್ಟು ಎದ್ದು ಹೋಗುತ್ತಿದ್ದೆ ಎಂದೇ ನಂಬಿದ್ದೇನೆ.

ಮನೆಯವರಿಗೂ ಒಂದು ಕಿವಿಮಾತು. ಬಿ.ಎಡ್. ಓದುವ ಹೆಣ್ಣುಮಕ್ಕಳ ಚಾರ್ಟುಗಳನ್ನು ತಮ್ಮನಿಂದಲೋ ನೆರೆಯವರಿಂದಲೋ ಬರೆಸಿಕೊಡುವುದು, ಮನೆಯಲ್ಲಿ ಕಾರ್ಯವಿದೆಯೆಂದು ಶಾಲೆಯ ದಿನಗಳನ್ನು ತಪ್ಪಿಸುವುದು, 'ಹೇಗೋ ಸಹಿ ಆದರೆ ಸಾಕು' ಎನ್ನುವುದು ನಮ್ಮ ಮನೆಗಳಲ್ಲಿ ಪ್ರೀತಿಯ ಹೆಸರಿನಲ್ಲಿ ನಡೆಯುತ್ತದೆ. ಈ ಪ್ರೀತಿಯ ಬೆಲೆಯನ್ನು ಯಾರದೋ ಮನೆಯ ಮಗು ತೆರುತ್ತದೆ. ಈ ಪತ್ರದ ಮನೆಯಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿದೆ. ಕೊಡುವವಳೂ ತೆರುವವನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವ ಅಕ್ಕ ತಮ್ಮಂದಿರು.

ಈ ಸಲ ಮಗಳು ರಜೆಗೆ ಬಂದಾಗ ಒಂದು ಕೆಲಸ ಮಾಡಿರಿ. ಮಗನಿಗೆ ಅರ್ಧಕ್ಕೆ ನಿಂತಿರುವ ವ್ಯಾಕರಣವನ್ನು ಅವಳು ಹೇಳಿಕೊಡಲಿ. ನೀವು ಪಕ್ಕದಲ್ಲಿ ಕುಳಿತು ಕಾಳು ಆರಿಸುತ್ತಿರಿ. ಪಾಠ ಮುಗಿದ ಮೇಲೆ ಅವಳನ್ನು ಏನೂ ಕೇಳಬೇಡಿರಿ. ಮಗನನ್ನು ಕರೆದು, "ಏನು ತಿಳಿಯಿತಪ್ಪಾ, ಹೇಳು" ಎನ್ನಿರಿ.